ಐದು ಗಂಟೆಯ ಪುಕ್ಕಟೆ ಕರೆ

ಫೆಬ್ರವರಿಯ ಎರಡನೆಯ ಗುರುವಾರ, ಬೆಳಿಗ್ಗೆ ಐದು ಗಂಟೆ. ಸ್ಥಳ, ಹುನಗುಂದದ ನಮ್ಮ ಮನೆ. ಹಾಜರಿದ್ದವರು ಇಬ್ಬರು: ಬಚ್ಚಲಲ್ಲಿ ನಾನು, ಅಡುಗೆಮನೆಯಲ್ಲಿ ನನ್ನ ತಂಗಿ.

ಆ ಹೊತ್ತಿಗೆ ನಾನು ಬಚ್ಚಲಲ್ಲಿ ಇರಬಾರದಿತ್ತು. ನಾಲ್ಕೂ ನಲವತ್ತಕ್ಕೆ ಸ್ನಾನ, ಐದಕ್ಕೆ ಐದು ನಿಮಿಷ ಇರುವಾಗ ಕಿಟಕಿಯ ಪಕ್ಕದ ಕುರ್ಚಿ, ಐದಕ್ಕೆ ಸರಿಯಾಗಿ ಫೋನು. ಇದು ನನ್ನ ಕ್ರಮ. ಆ ದಿನ ನೀರು ಕಾಯಿಸುವ ಕಾಯಿಲ್ ಸುಟ್ಟುಹೋಗಿತ್ತು. ಗ್ಯಾಸಿನ ಮೇಲೆ ನೀರಿಟ್ಟು ಕಾಯುವುದರಲ್ಲಿ ಹದಿನೈದು ನಿಮಿಷ ತಡವಾಯಿತು. ಹೀಗಾಗಿ ಫೋನು ಬಡಿದುಕೊಂಡಾಗ ಎತ್ತಿದವಳು ತಂಗಿ. ಅವಳಿಗೆ ಯಾವ ಕೆಲಸಕ್ಕೂ ಅವಸರವಿಲ್ಲ. ಫೋನು ಹಿಡಿದರೆ ಆ ಕಡೆಯವರು ಸುಮ್ಮನಾಗುವವರೆಗೂ ಕೇಳುತ್ತಾಳೆ.

ನಾನು ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದಾಗ ಅವಳು ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾ, ನೀ ಸಾಲಾ ಕೊಡೂದು ಯಾವಾಗ ಶುರು ಮಾಡೀದಿ?"

ಅವಳ ಚೇಷ್ಟೆ ನನಗೆ ಹೊಸದಲ್ಲ. ಸುಮ್ಮನಿರು ಎಂದೆ. ಅವಳು ಸುಮ್ಮನಿರಲಿಲ್ಲ. ಮೊದಲು ನನ್ನ ದನಿ ಬಂತಂತೆ, ಎದ್ದೆಯಾ ಎಂದು ಕೇಳಿತಂತೆ. ಆಮೇಲೆ ಯಾರೋ ಗಂಡಸು ಬಂದನಂತೆ. ಕಾಗದಪತ್ರ ಬೇಡ, ಜಾಮೀನು ಬೇಡ, ಇವತ್ತೇ ಸಾಲ, ಬೇಕಿದ್ದರೆ ಒಂದು ಒತ್ತಿ ಎಂದನಂತೆ. ಅದಾದ ಮೇಲೆ ಮತ್ತೆ ನಾನು ಬಂದು, ಇವತ್ತು ಗಣಿತ ಓದು ಎಂದೆನಂತೆ.

ಆ ನಂಬರಿಗೆ ತಿರುಗಿ ಫೋನು ಮಾಡಿದರೆ ಅದೇ ಮಾತು ಮತ್ತೊಮ್ಮೆ ಕೇಳಿಸುತ್ತದೆ. ಮಾಡಿದೆ. ನಿಂತುಕೊಂಡೇ, ಪೂರ್ತಿ ಕೇಳಿದೆ. ತಂಗಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ. ಕೂದಲಿನಿಂದ ನೀರು ಬೆನ್ನಿಗಿಳಿಯುತ್ತಿತ್ತು, ಒರೆಸಿಕೊಳ್ಳುವುದು ನೆನಪಾಗಲಿಲ್ಲ. ಮೂವತ್ತನಾಲ್ಕು ವರ್ಷ ಮೈದಾನದಲ್ಲಿ ಕೂಗಿದ ದನಿ ನನ್ನದು. ಅದರ ನಡುವೆ ಒಬ್ಬ ಅಪರಿಚಿತ ಬಾಗಿಲು ತೆಗೆದುಕೊಂಡು ಬಂದು ಕೂತಿದ್ದ.

ಈ ಕರೆಯ ಹಿಂದಿನದನ್ನು ಹೇಳಬೇಕು.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವಳು, ಊರವರ ಬಾಯಲ್ಲಿ ಅಕ್ಕೋರು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಿ ಓದಿಗೆ ಕೂರಿಸುವುದು ನಮ್ಮ ಕಡೆಯ ಶಿಕ್ಷಕರ ವಾಡಿಕೆ. ನಾನು ಬ್ಯಾಟರಿ ಹಿಡಿದು ಓಣಿ ಓಣಿ ತಿರುಗಿ ಕಿಟಕಿ ಬಡಿಯುತ್ತಿದ್ದೆ. ದೀಪ ಹತ್ತಿದ ಮೇಲೆಯೇ ಮುಂದಿನ ಮನೆ. ಮನೆಗಳಿಗೆ ಫೋನು ಬಂದ ಮೇಲೆ ಕೆಲಸ ಹಗುರಾಯಿತು. ನಿಯಮ ಹೀಗಿತ್ತು: ನಾನು ಎರಡು ರಿಂಗು ಕೊಟ್ಟು ಕಟ್ ಮಾಡಬೇಕು. ಹುಡುಗಿ ಎತ್ತಬಾರದು. ಎದ್ದು, ಮುಖ ತೊಳೆದು, ನನಗೆ ಒಂದು ರಿಂಗು ವಾಪಸ್ ಕೊಡಬೇಕು. ಬಂದ ಕೂಡಲೇ ನನ್ನ ಹಾಜರಿ ಪುಸ್ತಕದಲ್ಲಿ ಒಂದು ಗುರುತು. ಯಾರಿಗೂ ಒಂದು ಪೈಸೆ ಖರ್ಚಿಲ್ಲ.

ಅಲಾರಾಂ ಇಡಬಹುದಲ್ಲ ಎಂದು ಕೇಳುವವರಿದ್ದಾರೆ. ಅಲಾರಾಮನ್ನು ಬಂದ್ ಮಾಡಿ ಮಗ್ಗುಲು ಬದಲಿಸಬಹುದು. ಇನ್ನೊಬ್ಬರು ತಾವೂ ಎದ್ದು ನಮ್ಮ ರಿಂಗಿಗೆ ಕಾಯುತ್ತಿದ್ದಾರೆ ಎಂದು ಗೊತ್ತಿದ್ದರೆ ನಿದ್ದೆ ಹತ್ತುವುದಿಲ್ಲ. ಇಷ್ಟೇ ಇದರ ಗುಟ್ಟು.

ನಿವೃತ್ತಿಯಾದ ಮೇಲೆ ಪಟ್ಟಿ ಬೆಳೆಯಿತು. ಇಳಕಲ್ಲಿನಿಂದ, ಬಾದಾಮಿಯಿಂದ, ಬಾಗಲಕೋಟೆಯಿಂದ ಪರಿಚಯದ ಶಿಕ್ಷಕರು ಹೆಸರು ಕಳಿಸಿದರು. ನೂರಾ ಎಂಬತ್ತು ನಂಬರು, ಒಂದೇ ಹೆಬ್ಬೆರಳು. ಪಟ್ಟಿಯ ಕೊನೆಯ ಹುಡುಗಿಗೆ ಐದರ ಕರೆ ಆರಕ್ಕೆ ಹೋಗತೊಡಗಿತು. ಅದು ನನಗೆ ಸಹಿಸಲಾಗದ ಅವ್ಯವಸ್ಥೆ.

ಇಳಕಲ್ಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಪ್ಯೂಟರ್ ಸೆಂಟರ್ ನಡೆಸುತ್ತಾಳೆ. ಆನ್‌ಲೈನ್ ಅರ್ಜಿ, ಝೆರಾಕ್ಸ್, ಪರೀಕ್ಷೆಯ ಫಲಿತಾಂಶ ಇವೆಲ್ಲ ಅವಳ ಕೆಲಸ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೂತು ತಾನೇ ಪ್ರೋಗ್ರಾಮ್ ಬರೆಯುವುದನ್ನು ಕಲಿತವಳು. ನನ್ನ ಗೋಳು ಕೇಳಿ ಒಂದು ತಿಂಗಳಲ್ಲಿ ಒಂದು ವ್ಯವಸ್ಥೆ ಮಾಡಿದಳು. ಐದು ಹೊಡೆದರೆ ಕಂಪ್ಯೂಟರೇ ಎಲ್ಲ ಮನೆಗೂ ಒಟ್ಟಿಗೆ ಫೋನು ಹಚ್ಚುತ್ತದೆ. ಇದು ಬರೀ ಎಬ್ಬಿಸುವ ಕೆಲಸವಲ್ಲ, ಇದು ಪ್ರಾಡಕ್ಟ್, ಮುಂದಿನ ವರ್ಷ ಜಿಲ್ಲೆಗೆಲ್ಲ ಹಬ್ಬಿಸಬಹುದು ಎಂದಳು. ಇದಕ್ಕಾಗಿ ಬೇರೆ ಕೆಲಸಗಳನ್ನು ಬಿಟ್ಟಿದ್ದಳು.

ಇದರ ಖರ್ಚು ಹೇಗೆ ಹುಟ್ಟಬೇಕು ಎಂಬುದಕ್ಕೆ ಅವಳು ಮೊದಲು ಮಾಡಿದ ಏರ್ಪಾಡು ಇದು: ಎತ್ತಿದ ಕರೆಗೆ ಒಂದು ರೂಪಾಯಿ, ಎತ್ತದಿದ್ದರೆ ಇಲ್ಲ. ಪಾಲಕರೆಲ್ಲ ಖುಷಿಯಿಂದ ಒಪ್ಪಿದರು. ತಿಂಗಳು ಮುಗಿದಾಗ ಒಂದೇ ಒಂದು ರೂಪಾಯಿ ಹುಟ್ಟಿರಲಿಲ್ಲ. ಯಾರೂ ಎತ್ತಿರಲಿಲ್ಲ. ರಿಂಗಾದ ಕೂಡಲೇ ಎದ್ದು, ಕಟ್ ಮಾಡಿ, ಓದಿಗೆ ಕೂತಿದ್ದರು. ಎತ್ತಬಾರದು ಎಂದು ವರ್ಷಗಟ್ಟಲೆ ಕಲಿಸಿದವಳು ನಾನೇ. ಕಂಪ್ಯೂಟರಿನ ಹಾಳೆಯಲ್ಲಿ ಮಾತ್ರ ಮೇಲಿನಿಂದ ಕೆಳಗಿನವರೆಗೆ ಎತ್ತಿಲ್ಲ, ಎತ್ತಿಲ್ಲ, ಎತ್ತಿಲ್ಲ.

ಆಗ ನಕ್ಕು, ಆ ಮಕ್ಕಳ ರೀತಿಯೇ ಸರಿ ಎಂದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ವಾಪಸ್ ಬರುವ ರಿಂಗನ್ನು ಲೆಕ್ಕಕ್ಕೆ ಹಿಡಿಯಲು ಇನ್ನೊಂದು ನಂಬರು ಕೊಳ್ಳಬೇಕು, ಕೊಳ್ಳೋಣವೇ ಎಂದು ಅವಳು ಕೇಳಿಯೂ ಇದ್ದಳು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಹಾಜರಿ ಪುಸ್ತಕ ಖಾಲಿ ಬಿದ್ದದ್ದು ನನ್ನನ್ನು ಕುಟುಕುತ್ತಿತ್ತು. ಮಕ್ಕಳು ಫೋನು ಎತ್ತಲಿ, ಎದ್ದಿದ್ದಕ್ಕೆ ಗುರುತಾಗಿ ಒಂದು ಒತ್ತಲಿ ಎಂದು ತೀರ್ಮಾನಿಸಿದೆ. ನನ್ನ ದನಿ ಮುದ್ರಿಸಿದೆವು. ಎದ್ದೆಯಾ? ಎದ್ದಿದ್ದರೆ ಒಂದು ಒತ್ತು. ಅದಾದ ಮೇಲೆ ಇವತ್ತು ಯಾವ ವಿಷಯ ಓದಬೇಕು ಎಂಬ ಸೂಚನೆ. ನಾನೇ ಶಾಲೆಗಳಿಗೆ ಹೋಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಡ್ರಿಲ್ಲಿನ ಹಾಗೆ ಅಭ್ಯಾಸ ಮಾಡಿಸಿದೆ. ಎತ್ತು. ಕೇಳು. ಒಂದು ಒತ್ತು ಎಂದಾಗ ಒತ್ತು. ನನ್ನ ಮಾತು ಮುಗಿಯುವವರೆಗೆ ಇಡಬೇಡ.

ಮಕ್ಕಳು ಎತ್ತತೊಡಗಿದರು, ಎತ್ತಿದ ಕರೆಗೆ ನಮಗೆ ಖರ್ಚು ಬೀಳತೊಡಗಿತು. ಪಾಲಕರಿಂದ ರೂಪಾಯಿ ವಸೂಲಿ ಮಾಡೋಣವೇ ಎಂದು ಅವಳು ಕೇಳಿದಳು. ಮಕ್ಕಳ ಓದಿನ ವಿಷಯಕ್ಕೆ ಒಂದು ಪೈಸೆ ಮುಟ್ಟಬೇಡ, ಪುಕ್ಕಟೆ ಇರಲಿ ಎಂದೆ. ಪುಕ್ಕಟೆ ಎಂದರೂ ಯಾರಾದರೂ ಕೊಡಲೇಬೇಕಲ್ಲ ಎಂದಳು. ಹುಡುಕು ಎಂದೆ. ಈ ಮಾತುಕತೆಗೆ ನಾನು ಕೊಟ್ಟ ಸಮಯ ಐದು ನಿಮಿಷವೂ ಇರಲಿಕ್ಕಿಲ್ಲ. ಅವಳು ದೂರದ ಊರಿನ ಒಂದು ಜಾಹೀರಾತು ಕಂಪನಿಯನ್ನು ಹುಡುಕಿದಳು. ಕರಾರಿಗೆ ಅವಳ ಸಹಿಯ ಪಕ್ಕ ನನ್ನ ಸಹಿಯೂ ಬಿತ್ತು. ಜಾಹೀರಾತು ಎಂದರೆ ನನ್ನ ಕಣ್ಣಿಗೆ ಬಂದದ್ದು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಸಿಮೆಂಟಿನ ಬರಹ. ಅದು ತನ್ನ ಪಾಡಿಗೆ ಅಲ್ಲಿರುತ್ತದೆ, ಯಾರ ಕೈಯನ್ನೂ ಹಿಡಿಯುವುದಿಲ್ಲ.

ಪಟ್ಟಿಯ ಮೊದಲ ನಂಬರು ನನ್ನದೇ, ಪರೀಕ್ಷೆಗೆಂದು. ದಿನಾ ಎತ್ತಿ, ಒಂದು ಒತ್ತಿ, ತಕ್ಷಣ ಇಟ್ಟುಬಿಡುತ್ತಿದ್ದೆ. ಮುಂದಿನ ಸೂಚನೆ ನಾನೇ ಹೇಳಿದ್ದು, ಅದನ್ನು ಕೇಳಿ ಹೊತ್ತು ಕಳೆಯುವುದೇಕೆ? ಹೀಗಾಗಿ ಜಾಹೀರಾತು ಸೇರಿದ ಮೇಲಿನ ಒಂಬತ್ತು ದಿನ ಪಟ್ಟಿಯ ಮಕ್ಕಳೆಲ್ಲ ಕೇಳಿದ್ದನ್ನು ನಾನೊಬ್ಬಳೇ ಕೇಳಿರಲಿಲ್ಲ.

ಆ ಗುರುವಾರ ಆರೂವರೆಗೆ ಮತ್ತೆ ಫೋನು. ಬೇವೂರಿನ ಒಬ್ಬ ಹುಡುಗಿಯ ತಾಯಿ, ಪಕ್ಕದ ಮನೆಯವರ ಫೋನಿನಿಂದ. ದನಿ ತಗ್ಗಿಸಿ, ನಾಳೆಯಿಂದ ನಮ್ಮ ಮನೆಗೆ ಫೋನು ಮಾಡಬೇಡಿ ಎಂದಳು. ಯಾಕೆ ಎಂದೆ. ಗಂಡ ಇನ್ನು ರಾತ್ರಿಯೂ ಫೋನನ್ನು ನಮ್ಮ ಹತ್ತಿರ ಬಿಡುವುದಿಲ್ಲ, ತಾನೇ ಇಟ್ಟುಕೊಳ್ಳುತ್ತಾನೆ ಎಂದಳು. ಹೆಚ್ಚು ಹೇಳದೆ ಇಟ್ಟಳು.

ಆ ಹುಡುಗಿ ನನಗೆ ಗೊತ್ತು. ಬೆಳಿಗ್ಗೆ ಐದರಿಂದ ಆರೂವರೆಯವರೆಗಿನದು ಅವಳ ಪಾಲಿನ ಹೊತ್ತು. ಆಮೇಲೆ ನೀರು, ರೊಟ್ಟಿ, ತಮ್ಮ ತಂಗಿಯರನ್ನು ಶಾಲೆಗೆ ತಯಾರು ಮಾಡುವುದು, ಸಂಜೆ ಮತ್ತೆ ಅದೇ. ಐದಕ್ಕೆ ಯಾರೂ ಎಬ್ಬಿಸದಿದ್ದರೆ ಅವಳಿಗೆ ದಿನದಲ್ಲಿ ಬೇರೆ ಓದಿಲ್ಲ. ಪರೀಕ್ಷೆಗೆ ಆರು ವಾರ ಉಳಿದಿತ್ತು.

ಏಳೂಕಾಲರ ಬಸ್ಸಿಗೆ ಇಳಕಲ್ಲಿಗೆ ಹೊರಟೆ. ಉಪ್ಪಿಟ್ಟು ತಿನ್ನಲಿಲ್ಲ. ಅದನ್ನು ಕಂಡು ತಂಗಿಗೆ ಗಾಬರಿಯಾಯಿತು. ನಾನು ನಾಷ್ಟಾ ತಪ್ಪಿಸಿದ್ದನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ.

ಸೆಂಟರಿನ ಬಾಗಿಲು ಆಗಷ್ಟೇ ತೆರೆದಿತ್ತು. ನನ್ನ ವಿದ್ಯಾರ್ಥಿನಿ ಮುಂಗಟ್ಟೆಗೆ ನೀರು ಹೊಡೆಯುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿ, ಒಳ್ಳೆಯ ಸುದ್ದಿ ಇದೆ, ಫೋನು ಮಾಡುವವಳಿದ್ದೆ ಎಂದಳು. ಕಂಪನಿಯವರು ಹಿಂದಿನ ದಿನ ಸಂಜೆ ಮಾತಾಡಿದರಂತೆ. ಜನ ಇಷ್ಟು ಪ್ರಮಾಣದಲ್ಲಿ ಒಂದು ಒತ್ತಿದ್ದನ್ನು ಅವರು ಎಲ್ಲಿಯೂ ಕಂಡಿಲ್ಲವಂತೆ. ದರ ಹೆಚ್ಚಿಸುತ್ತಾರಂತೆ, ಬೇರೆ ಜಿಲ್ಲೆಗಳಿಗೂ ಕೇಳುತ್ತಿದ್ದಾರಂತೆ.

"ಒತ್ತಿದವರು ಯಾರು?" ಎಂದೆ.

ಅವಳು ಹಾಳೆ ತೆಗೆದಳು. ಕಂಪನಿ ಕಳಿಸಿದ್ದು, ಶಾಲೆವಾರು. ಎರಡು ಕಾಲಂ: ನನ್ನ ಮಾತಿಗೆ ಒತ್ತಿದವರು, ಸಾಲದ ಮಾತಿಗೆ ಒತ್ತಿದವರು. ಓದುತ್ತಾ ಹೋದೆ. ಎರಡೂ ಕಾಲಮಿನಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ. ಬಾದಾಮಿಯ ಒಂದು ಶಾಲೆಯ ಮಕ್ಕಳು ಸೋಮಾರಿಗಳು, ಅಭ್ಯಾಸದ ದಿನವೂ ಅರ್ಧಕ್ಕರ್ಧ ಸಾಲು ಡೊಂಕು. ಅವರಲ್ಲಿ ಹೆಚ್ಚಿನವರು ಫೋನನ್ನೇ ಎತ್ತಿರಲಿಲ್ಲ, ಬಚಾವಾಗಿದ್ದರು. ಯಾವ ಮಕ್ಕಳು ಗೆರೆ ಕೊರೆದ ಹಾಗೆ ನಿಂತಿದ್ದರೋ, ಯಾರನ್ನು ನಾನು ಎಲ್ಲರ ಮುಂದೆ ಹೊಗಳಿದ್ದೆನೋ ಅವರೆಲ್ಲ ಎರಡು ಸಲವೂ ಒತ್ತಿದ್ದರು. ಒಂದು ಒತ್ತು ಎಂದಾಗ ಒತ್ತು ಎಂದು ನಾನು ಹೇಳಿಕೊಟ್ಟಿದ್ದೆ. ಹೇಳುವವರು ಬದಲಾದರೆ ಒತ್ತಬೇಡ ಎಂದು ಹೇಳಿಕೊಟ್ಟಿರಲಿಲ್ಲ.

ಅವಳೂ ನನ್ನ ಜೊತೆ ಓದುತ್ತಿದ್ದಳು. ಅವಳಿಗೆ ಅರ್ಥವಾದದ್ದು ನನಗಿಂತ ಸ್ವಲ್ಪ ತಡವಾಗಿ. ಅವಳು ಕುರ್ಚಿ ಹುಡುಕಿದಾಗ ನನಗೆ ಅದು ಗೊತ್ತಾಯಿತು.

"ಪಾಲಕರ ಒತ್ತ್ಯಾರಂತ ತಿಳದಿದ್ನಿರಿ ಅಕ್ಕೋರ," ಎಂದಳು. "ಮನ್ಯಾಗ ಅಡಚಣಿ ಇರತೈತಿ, ಸಾಲಾ ಬೇಕಾಗಿರತೈತಿ ಅಂತ. ಹುಡುಗ್ಯಾರು ನಿಮ್ಮ ಮಾತಿಗೆ ಒತ್ತಾಕತ್ತಾರಂತ ನನ್ನ ತಲ್ಯಾಗ ಬರ್ಲೇ ಇಲ್ಲ."

ಅವಳಿಗೆ ಬೈಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅವಳು ಎರಡು ಸಲ ಕೇಳಿದ್ದಳು, ವಸೂಲಿ ಮಾಡೋಣವೇ ಎಂದು, ಯಾರಾದರೂ ಕೊಡಬೇಕಲ್ಲ ಎಂದು. ಪುಕ್ಕಟೆ ಎಂದವಳು ನಾನು. ಮಕ್ಕಳ ಮೇಲಿನ ಕಾಳಜಿ ಎಂದುಕೊಂಡು ನಾನು ಆಡಿದ ಆ ಒಂದು ಮಾತಿನಿಂದ ಮಕ್ಕಳೇ ಮಾರಾಟದ ಸರಕಾಗಿದ್ದರು.

ಕೂಡಲೇ ಲೈನು ಬಂದ್ ಮಾಡಿಸಿದೆ. ಒಂದು ನಿಮಿಷದ ಕೆಲಸ. ಕರಾರು ಮುರಿಯುತ್ತೇವೆ ಎಂದು ಅವಳು ಕಂಪನಿಗೆ ಮೇಲ್ ಬರೆದಳು. ಹಾಗೆ ಮುರಿದರೆ ಈ ತಿಂಗಳು ಬರಬೇಕಾದದ್ದು ಬರುವುದಿಲ್ಲ ಎಂದು ಹೇಳಿದಳು, ಹೇಳುತ್ತಲೇ ಕಳಿಸಿಯೂ ಬಿಟ್ಟಳು. ಅವಳು ಹೈಸ್ಕೂಲಿನಲ್ಲಿ ಉದ್ದಜಿಗಿತಕ್ಕೆ ಓಡುವಾಗಲೂ ಹೀಗೆಯೇ, ಗೆರೆಯ ಹತ್ತಿರ ಬಂದು ಅನುಮಾನಿಸಿದ್ದಿಲ್ಲ. ಶಟರ್ ಎಳೆದು ನನ್ನ ಜೊತೆ ಬೇವೂರಿಗೆ ಹೊರಟಳು.

ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಹೆಂಗಸರಿಗೆ ಈಗ ಸರಕಾರಿ ಬಸ್ಸು ಪುಕ್ಕಟೆ. ಆದರೂ ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ಬರೆದ ಟಿಕೆಟ್ ಹರಿದುಕೊಟ್ಟ. ಅಷ್ಟು ದಿನ ಅದನ್ನು ಮಡಚಿ ಚೀಲಕ್ಕೆ ಹಾಕಿದ್ದೇನೆ, ಓದಿರಲಿಲ್ಲ. ಅವತ್ತು ಓದಿದೆ. ನಾವು ಎಲ್ಲಿ ಹತ್ತಿದೆವು, ಎಲ್ಲಿ ಇಳಿಯುತ್ತೇವೆ ಎಲ್ಲವೂ ಇತ್ತು. ಈ ಚೀಟಿ ಲೆಕ್ಕಕ್ಕೆ ಹೋಗಿ, ಇದರ ದುಡ್ಡು ಬೇರೆ ಕಡೆಯಿಂದ ಬರುತ್ತದೆ. ಕೊಡುವವರು ಯಾರೆಂದು ಬಸ್ಸಿನಲ್ಲಿ ಕೂತ ಎಲ್ಲರಿಗೂ ಗೊತ್ತು. ನನ್ನ ಕರೆಗೆ ಕೊಡುವವರು ಯಾರೆಂದು ಒಬ್ಬ ತಾಯಿಗೂ ಗೊತ್ತಿರಲಿಲ್ಲ.

ದಾರಿಯಲ್ಲಿ ಅವಳು ಬೇರೆ ದಾರಿಗಳನ್ನು ಒಂದೊಂದಾಗಿ ಮುಂದಿಟ್ಟಳು. ಶಾಲೆಗಳು ಕೊಡಲಿ ಎಂದಳು. ಮಂಜೂರಾತಿ ಬರುವಷ್ಟರಲ್ಲಿ ಪರೀಕ್ಷೆಯಲ್ಲ, ಫಲಿತಾಂಶವೂ ಮುಗಿದಿರುತ್ತದೆ ಎಂದೆ. ಬಾಗಲಕೋಟೆಯ ಒಬ್ಬ ಗೈಡು ಮಾರುವವರು ಕೇಳಿದ್ದಾರೆ ಎಂದಳು. ನಾಳೆ ನನ್ನ ಬಾಯಲ್ಲಿ ಅವರ ಗೈಡು ಬರುತ್ತದೆ, ಬೇಡ ಎಂದೆ. ಕೂಡಲಸಂಗಮದ ಒಬ್ಬ ಅಂಗಡಿಕಾರರು ಧರ್ಮಕ್ಕೆ ಕೊಡಲು ತಯಾರಿದ್ದಾರೆ ಎಂದಳು. ಈ ವರ್ಷ ಕೊಟ್ಟಾರು, ಬರುವ ವರ್ಷ ಅವರ ವ್ಯಾಪಾರ ಬಿದ್ದರೆ ಮಕ್ಕಳು ಮಲಗಬೇಕೇ ಎಂದೆ. ಉಳಿದದ್ದು ಪಾಲಕರು. ಅಷ್ಟರಲ್ಲಿ ಬೇವೂರು ಬಂತು.

ಬೇವೂರಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಮುಂದೆ ಸರಕು ಸಾಗಿಸುವ ಟೆಂಪೊ ನಿಂತಿತ್ತು. ಹುಡುಗಿ ಶಾಲೆಗೆ ಹೋಗಿದ್ದಳು. ಅವಳ ತಂದೆ ಕಟ್ಟೆಯ ಮೇಲೆ ಕೂತು ಜೋಳದ ಚೀಲದ ಬಾಯಿ ಹೊಲಿಯುತ್ತಿದ್ದ. ಮಧ್ಯಾಹ್ನಕ್ಕೆ ಲೋಡು ಇತ್ತು. ತಾಯಿ ಒಳಬಾಗಿಲಲ್ಲಿ ನಿಂತಳು, ಹೊರಗೆ ಬರಲಿಲ್ಲ. ಇಬ್ಬರ ನಡುವೆ ಮಾತು ನಿಂತು ಎರಡು ದಿನವಾಗಿತ್ತು ಎಂದು ನಮಗೆ ತಿಳಿದದ್ದು ಆಮೇಲೆ.

ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿಯುವಾಗ ಅವನಿಗೆ ಮೊದಲ ಕರೆ ಬಂದಿತಂತೆ: ನೀವು ಸಾಲಕ್ಕೆ ಒಪ್ಪಿಗೆ ಕೊಟ್ಟಿದ್ದೀರಿ, ಎಷ್ಟು ಬೇಕು? ಅವನು ಇಲ್ಲವೆಂದ. ನಿಮ್ಮ ನಂಬರಿನಿಂದಲೇ ದಿನಾ ಬೆಳಿಗ್ಗೆ ಐದಕ್ಕೆ ಒಪ್ಪಿಗೆ ಬರುತ್ತಿದೆಯಲ್ಲ ಎಂದರು ಅವರು. ಪಕ್ಕದಲ್ಲಿದ್ದ ಡ್ರೈವರುಗಳೆಲ್ಲ ಕೇಳಿಸಿಕೊಂಡರು. ಮಗಳ ಲಗ್ನಕ್ಕೆ ಈಗಲೇ ತಯಾರಿಯೇನೋ ಎಂದು ಒಬ್ಬ, ಹೆಂಡತಿಗೆ ಬಂಗಾರ ಬೇಕಾಗಿದೆಯೇನೋ ಎಂದು ಇನ್ನೊಬ್ಬ. ಬೆಳಿಗ್ಗೆ ಐದಕ್ಕೆ ಫೋನು ಇರುವುದು ಹೆಂಡತಿ ಮಕ್ಕಳು ಮಲಗುವ ಕೋಣೆಯಲ್ಲಿ. ಅವನು ನೇರ ಮನೆಗೆ ಬಂದು, ನನಗೆ ಗೊತ್ತಿಲ್ಲದೆ ಯಾವ ಸಾಲ ಎತ್ತುತ್ತಿದ್ದೀಯ ಎಂದು ಹೆಂಡತಿಯನ್ನು ಕೇಳಿದ. ಅವಳು ಏನೂ ತಿಳಿಯದೆ ಅತ್ತಳು. ಕೊನೆಗೆ ಮಗಳು ಬಾಯಿ ಬಿಟ್ಟಳು.

ಇದನ್ನೆಲ್ಲ ಅವನು ನಮ್ಮ ಮುಖ ನೋಡದೆ ಹೇಳಿದ, ದಬ್ಬಣ ನಿಲ್ಲಿಸದೆ. ಆಮೇಲೆ ನಿಲ್ಲಿಸಿದ.

"ಆಕಿ ಏನಂದ್ಲು ಗೊತ್ತೇನ್ರಿ? ಅಕ್ಕೋರು ಒತ್ತು ಅಂದ್ರು, ಒತ್ತೀನಿ ಅಂದ್ಲು. ನಿಮ್ಮ ಮಾತು ಕೇಳ್ಯಾಳ್ರಿ ಅಕ್ಕೋರ. ಕೇಳಬಾರದಾಗಿತ್ತೇನು?"

ನನ್ನ ನೌಕರಿಯಲ್ಲಿ ಪಾಲಕರು ಬಹಳ ಪ್ರಶ್ನೆ ಕೇಳಿದ್ದಾರೆ. ಇಂಥದ್ದನ್ನು ಯಾರೂ ಕೇಳಿರಲಿಲ್ಲ. ತಪ್ಪು ನನ್ನದು ಎಂದೆ. ಮಕ್ಕಳಿಗೆ ಹೊರೆಯಾಗಬಾರದೆಂದು ಪುಕ್ಕಟೆ ಮಾಡಿದ್ದೆ ಎಂದು ಸೇರಿಸಿದೆ. ಅದನ್ನು ಸೇರಿಸಬಾರದಿತ್ತು.

"ಪುಕ್ಕಟೆ ಯಾರು ಕೇಳಿದ್ರು?" ಎಂದ ಅವನು. ದನಿ ಏರಿಸಲಿಲ್ಲ. ಟೆಂಪೊ ಕಡೆ ಕೈ ತೋರಿಸಿದ. "ನಂದ ನೋಡ್ರಿ. ಬಾಡಿಗಿ ಯಾರು ಕೊಡ್ತಾರೋ ಅವರು ಹೇಳಿದಲ್ಲೆ ಗಾಡಿ ನಿಲ್ಲಸ್ತೇನಿ. ನಿಮ್ಮ ಗಾಡೀಗಿ ಬಾಡಿಗಿ ಕೊಟ್ಟಾಂವ ಸಾಲದಾಂವ. ಅಂವ ಹೇಳಿದಲ್ಲೆ ನಿಲ್ಲಿಸೀರಿ. ನನ್ನ ಮನಿ ಬಾಗಲಾಗ ನಿಲ್ಲಿಸೀರಿ. ನನ್ನ ಕಡೆ ರೊಕ್ಕಾ ಕೇಳಿದ್ರ ನಾ ಕೊಡ್ತಿದ್ನಿ. ಕೊಟ್ಟಿದ್ರ ಇವತ್ತ ನಿಮಗ ಬೈಯಾಕರೆ ಬರ್ತಿತ್ತು."

ನನ್ನ ವಿದ್ಯಾರ್ಥಿನಿ ನನ್ನ ಕಡೆ ನೋಡಿದಳು. ನಾನು ಟೆಂಪೊ ಕಡೆಯೇ ನೋಡುತ್ತಿದ್ದೆ. ಐದು ನಿಮಿಷದಲ್ಲಿ ನಾನು ಮುಗಿಸಿಬಿಟ್ಟಿದ್ದ ಮಾತನ್ನು ಈ ಮನುಷ್ಯ ಚೀಲ ಹೊಲಿಯುತ್ತ ಬಿಡಿಸಿಟ್ಟಿದ್ದ. ದುಡ್ಡು ಕೊಡುವವನು ಯಾರೋ ಅವನಿಗೇ ಕೆಲಸ ಜವಾಬು ಹೇಳುತ್ತದೆ. ನಾನು ಪಾಲಕರ ಕೈಯಿಂದ ಒಂದು ರೂಪಾಯಿ ಉಳಿಸಿ, ಅದರ ಜೊತೆ ನನ್ನನ್ನು ಜವಾಬು ಕೇಳುವ ಹಕ್ಕನ್ನೂ ಕಿತ್ತುಕೊಂಡಿದ್ದೆ.

ವಿದ್ಯಾರ್ಥಿನಿ ಚೀಲದಿಂದ ನೋಟುಬುಕ್ಕು ತೆಗೆದು, ಹಾಗಾದರೆ ಏನು ಮಾಡಿದರೆ ನಿಮಗೆ ಒಪ್ಪಿಗೆ, ಹೇಳಿ ಎಂದಳು. ಇದೇ ಪ್ರಶ್ನೆಯನ್ನು ಮೊದಲೇ ಯಾರನ್ನಾದರೂ ಕೇಳಿದ್ದೆವೇ ಎಂದು ನೆನಪು ಮಾಡಿಕೊಂಡೆ. ಇಲ್ಲ.

ಅವನು ಯೋಚಿಸಿ ಹೇಳಿದ. ದಿನಕ್ಕೆ ರೂಪಾಯಿಯ ಲೆಕ್ಕ ಬೇಡ, ಅದರ ನೆನಪು ಯಾರಿಗೆ ಉಳಿಯುತ್ತದೆ. ಇವತ್ತಿನಿಂದ ಪರೀಕ್ಷೆಯ ಕೊನೆಯ ದಿನದವರೆಗೆ ಒಂದೇ ಸಲ, ಮೊದಲೇ. ಒಂದು ದೊಡ್ಡ ನೋಟುಬುಕ್ಕಿನ ಬೆಲೆ ಇದ್ದರೆ ಎಲ್ಲರ ಕೈಗೂ ಆಗುತ್ತದೆ. ಒಂದು ದಿನ ಕರೆ ಬರಲಿಲ್ಲವೆಂದರೆ ಬೈಯಲು ಒಂದು ನಂಬರು ಬೇಕು, ಅದನ್ನು ಮನುಷ್ಯರೇ ಎತ್ತಬೇಕು. ಮತ್ತೆ ಇನ್ನೊಂದು. ಅದನ್ನು ಹೇಳುವ ಮೊದಲು ಅವನು ಒಳಬಾಗಿಲ ಕಡೆ ನೋಡಿದ.

"ನಿಮ್ಮ ದನಿ ಬ್ಯಾಡ್ರಿ ಅಕ್ಕೋರ. ಸಿಟ್ಟಾಗಬ್ಯಾಡ್ರಿ. ಮುಂಜಾನಿ ನಿಮ್ಮ ದನಿ ಕೇಳಿದ್ರ ಈಗ ನಮ್ಮ ಮನ್ಯಾಗ ಎದಿ ಝಲ್ ಅಂತೈತಿ. ಬರೇ ರಿಂಗ್ ಕೊಡ್ರಿ, ಮೊದಲಿನಂಗ."

ಆ ದಿನದ ಎಲ್ಲ ಆಘಾತಗಳಲ್ಲಿ ನನಗೆ ಆಳವಾಗಿ ತಾಗಿದ್ದು ಇದು. ಆಗಲಿ ಎಂದು ತಲೆಯಾಡಿಸಿದೆ.

ಅವನು ಇಷ್ಟಕ್ಕೆ ಒಪ್ಪಿದ ಎಂದು ನಾವು ತಿಳಿಯಬಾರದು ಎಂದೂ ಹೇಳಿದ. ಹಳೆಯ ನಂಬರು ಕೆಟ್ಟುಹೋಗಿದೆ, ದಿನಾ ಸಾಲದವರ ಕರೆ, ಅದನ್ನು ಬಿಟ್ಟು ಹೊಸ ಸಿಮ್ ತೆಗೆದುಕೊಳ್ಳುತ್ತೇನೆ. ಆ ನಂಬರು ನಿಮಗೆ ಕೊಡಬೇಕೋ ಬೇಡವೋ ಮನೆಯಲ್ಲಿ ಮಾತಾಡಬೇಕು. ಕೊಡುವುದಾದರೆ ಸಂಜೆ ಎಂಟರೊಳಗೆ ಎರಡು ರಿಂಗು ಕೊಡುತ್ತೇನೆ. ಬರಲಿಲ್ಲವೆಂದರೆ ಇಲ್ಲವೆಂದು ತಿಳಿಯಿರಿ. ಇಷ್ಟು ಹೇಳಿ ದಬ್ಬಣಕ್ಕೆ ದಾರ ಪೋಣಿಸಿದ. ತಾಯಿ ಎರಡು ಲೋಟ ಮಜ್ಜಿಗೆ ತಂದು ಕಟ್ಟೆಯ ಮೇಲಿಟ್ಟಳು. ಮಜ್ಜಿಗೆ ಕುಡಿದು ಎದ್ದೆವು.

ಎರಡೂವರೆಗೆ ಹುನಗುಂದ ತಲುಪಿದೆವು. ಊಟಕ್ಕೆ ಇಪ್ಪತ್ತು ನಿಮಿಷ. ಆಮೇಲೆ ಪಟ್ಟಿಯನ್ನು ಮೂರು ಭಾಗ ಮಾಡಿದೆ, ಅರವತ್ತು ಅರವತ್ತು. ಒಂದು ನನಗೆ, ಒಂದು ವಿದ್ಯಾರ್ಥಿನಿಗೆ, ಒಂದು ತಂಗಿಗೆ. ಪ್ರತಿ ಮನೆಗೂ ಫೋನು ಮಾಡಿ ಮೂರು ವಿಷಯ ಹೇಳಬೇಕು: ಆದ ತಪ್ಪು ನಮ್ಮದು, ಸಾಲದವರು ಫೋನು ಮಾಡಿದರೆ ಯಾವುದಕ್ಕೂ ಹೂಂ ಎನ್ನಬೇಡಿ, ನಾಳೆಯಿಂದ ಬರೀ ರಿಂಗು, ಅದಕ್ಕೆ ಪರೀಕ್ಷೆ ಮುಗಿಯುವವರೆಗೆ ಇಷ್ಟು ದುಡ್ಡು, ಬೇಡವಾದರೆ ಬೇಡ.

ಅರವತ್ತು ಮನೆಗೂ ತಪ್ಪು ಒಪ್ಪಿಕೊಳ್ಳುವುದು ಮೈದಾನಕ್ಕೆ ಅರವತ್ತು ಸುತ್ತು ಓಡಿದಂತೆ. ಹತ್ತು ಸುತ್ತಿಗೇ ಉಸಿರು ಕಟ್ಟಿತು. ಇಳಕಲ್ಲಿನ ಒಬ್ಬ ನೇಕಾರರು ಮಗ್ಗ ನಿಲ್ಲಿಸಿ ಸಮಾಧಾನವಾಗಿ ಕೇಳಿ, ದುಡ್ಡು ಕೊಡುತ್ತೇನೆ ಎಂದರು. ಬಾದಾಮಿಯ ಒಬ್ಬ ತಾಯಿ, ಪುಕ್ಕಟೆ ಇದ್ದದ್ದಕ್ಕೆ ಈಗ ದುಡ್ಡು ಕೇಳಲು ಈ ಕಥೆ ಕಟ್ಟಿದ್ದೀರಿ ಎಂದು ಫೋನು ಕುಕ್ಕಿದಳು. ತಂಗಿಯದು ಬೇರೆಯೇ ರೀತಿ. ನನ್ನ ಎರಡು ಮನೆ ಮುಗಿಯುವಷ್ಟು ಹೊತ್ತು ಅವಳ ಒಂದು ಮನೆಗೆ. ಅವರ ಎಮ್ಮೆ ಕರು ಹಾಕಿದ ಸುದ್ದಿಯವರೆಗೂ ಹೋಗುತ್ತಿದ್ದಳು. ಕಣ್ಣು ಬಿಟ್ಟು ಗದರಿಸಿದೆ.

"ನೀ ಲಗೂನ ಇಡೂದ್ರಿಂದನ ಇಷ್ಟೆಲ್ಲ ಆಗೇತಿ," ಎಂದಳು ಫೋನಿನ ಬಾಯಿ ಮುಚ್ಚಿ. "ನಾ ಪೂರಾ ಕೇಳಿ ಇಡ್ತೇನಿ."

ಸಂಜೆ ಲೆಕ್ಕ ಹಾಕಿದಾಗ ಹೆಚ್ಚು ಮನೆಗಳು ಒಪ್ಪಿದ್ದು ಅವಳ ಪಟ್ಟಿಯಲ್ಲಿ. ನನ್ನದರಲ್ಲಿ ಎಲ್ಲಕ್ಕಿಂತ ಕಡಿಮೆ. ಅದನ್ನು ಹಾಗೆಯೇ ಬರೆದುಕೊಂಡೆ. ಒಟ್ಟಿನಲ್ಲಿ ಪಟ್ಟಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳಿಯಿತು. ಜಿಲ್ಲೆಗೆಲ್ಲ ಹಬ್ಬಿಸುವ ಮಾತನ್ನು ನನ್ನ ವಿದ್ಯಾರ್ಥಿನಿ ಎತ್ತಲಿಲ್ಲ. ವಾಪಸ್ ರಿಂಗು ಹಿಡಿಯುವ ಎರಡನೆಯ ನಂಬರಿಗೆ ಅರ್ಜಿ ಹಾಕಿದಳು. ಬೈಯುವವರಿಗೆ ಕೊಡುವ ನಂಬರು ಯಾರದಿರಲಿ ಎಂದು ಕೇಳಿದಳು. ನನ್ನದೇ ಎಂದೆ. ಹೊಸ ನಂಬರು ಬರುವವರೆಗೆ ಹೆಬ್ಬೆರಳಿನಿಂದಲೇ ಮಾಡುವುದು, ಮೂವರು ಮೂರು ಫೋನಿನಲ್ಲಿ, ಆಗ ಕೊನೆಯ ಹುಡುಗಿಗೂ ಐದೂ ಇಪ್ಪತ್ತರೊಳಗೆ ಮುಟ್ಟುತ್ತದೆ. ಆರೂಮುಕ್ಕಾಲಿಗೆ ಅವಳು ಇಳಕಲ್ಲಿನ ಬಸ್ಸು ಹತ್ತಿದಳು. ಹೋಗುವ ಮೊದಲು ಸೆಂಟರಿನ ಕಂಪ್ಯೂಟರಿನಲ್ಲಿದ್ದ ನನ್ನ ದನಿಯನ್ನು ತನ್ನ ಫೋನಿನಿಂದಲೇ ಅಳಿಸಿದಳು. ಅಳಿಸುವ ಮುನ್ನ ಒಮ್ಮೆ ಕೇಳುತ್ತೀರಾ ಎಂದಳು. ಬೇಡ ಎಂದೆ.

ಏಳೂವರೆ. ಫೋನು ಕಿಟಕಿಯಲ್ಲಿ. ಒಪ್ಪಿದ ಮನೆಗಳ ನಂಬರುಗಳನ್ನು ಹಾಜರಿ ಪುಸ್ತಕದ ಹೊಸ ಪುಟಕ್ಕೆ ಶುದ್ಧವಾಗಿ ಬರೆಯುತ್ತಾ ಕೂತೆ. ಮೊದಲ ಸಾಲು ಖಾಲಿ ಬಿಟ್ಟಿದ್ದೆ. ತಂಗಿ ರೊಟ್ಟಿ ಬಡಿಯುತ್ತಾ, ಬರುತ್ತದೆ ಎಂದು ಕೂತಿದ್ದೀಯೇನು ಎಂದು ಒಂದು ಸಲ ಕೇಳಿ ಆಮೇಲೆ ಕೇಳಲಿಲ್ಲ. ಎಂಟಕ್ಕೆ ಐದು ನಿಮಿಷ ಇತ್ತು. ಎಂಟಕ್ಕೆ ಮೂರು ನಿಮಿಷ ಇತ್ತು. ಗಡಿಯಾರವನ್ನು ಹೀಗೆ ನೋಡುತ್ತ ಕೂರುವುದು ನನ್ನ ಪದ್ಧತಿಯಲ್ಲ.

ಗೊತ್ತಿಲ್ಲದ ನಂಬರು. ಒಂದು ರಿಂಗು, ಎರಡು ರಿಂಗು, ಕಟ್.

ಪೆನ್ನು ಕೆಳಗಿಟ್ಟು, ಅದೇ ನಂಬರಿಗೆ ನಾನೂ ಎರಡು ರಿಂಗು ಕೊಟ್ಟೆ. ಆ ಕಡೆ ಯಾರೂ ಎತ್ತಲಿಲ್ಲ. ಮುಖ ತೊಳೆಯುವಷ್ಟು ಹೊತ್ತು ಬಿಟ್ಟು ಒಂದು ರಿಂಗು ವಾಪಸ್ ಬಂತು. ಆ ನಿಯಮ ಗೊತ್ತಿರುವುದು ಹುಡುಗಿಗೆ. ಫೋನು ಈಗ ಅವಳ ಕೈಯಲ್ಲಿದೆ.

ಹೊಸ ನಂಬರನ್ನು ಮೊದಲ ಸಾಲಿನಲ್ಲಿ ಬರೆದೆ. ಪಕ್ಕದಲ್ಲಿ ಬೇವೂರು ಎಂದು ಬರೆದೆ. ಪುಸ್ತಕ ಮುಚ್ಚಿ ಫೋನಿನ ಪಕ್ಕದಲ್ಲಿಟ್ಟೆ. ಎಂಟು ಗಂಟೆ ಎರಡು ನಿಮಿಷ.